ಆ ಪೇಜ್ ಯಾರದ್ದು? ಕೊಡಗಿನ ಪೇಜ್‌ಗಳನ್ನು ವಿಕಿಡೇಟಾದಲ್ಲಿ ದಾಖಲಿಸೋದು ಹೇಗೆ

ಫೇಸ್‌ಬುಕ್‌ನಲ್ಲೋ ಇನ್‌ಸ್ಟಾದಲ್ಲೋ ಸುಮ್ನೆ ಒಂದ್ಸಲ 'ಕೂರ್ಗ್' ಅಂತ ಹುಡುಕಿ ನೋಡಿ. ಹೋಮ್‌ಸ್ಟೇಯವರು, ಟ್ಯಾಕ್ಸಿಯವರು, ಕಾಫಿಪುಡಿ ಮಾರುವವರು, ಜೇನು ಮಾರುವವರು, ಅಬ್ಬಿ ಫಾಲ್ಸ್ ಮುಂದೆ ನಿಂತು ರೀಲ್ಸ್ ಮಾಡುವವರು, ಎಲ್ಲರಿಗೂ ಅದೇ ಹೆಸರು ಬೇಕು. ಇಷ್ಟರ ಮಧ್ಯೆ ಜಿಲ್ಲಾಡಳಿತದ್ದು ಯಾವುದು, ಪೊಲೀಸರದ್ದು ಯಾವುದು, ಯಾರೋ ಅಭಿಮಾನಿ ನಡೆಸೋದು ಯಾವುದು ಅಂತ ಊರಿನವರಿಗೇ ಗೊಂದಲ. ಮಳೆಗಾಲದಲ್ಲಂತೂ ಈ ಗೊಂದಲ ದುಬಾರಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನಗಳನ್ನು ನೆನಪಿಸಿಕೊಳ್ಳಿ, ಯಾವ ರಸ್ತೆ ಮುಚ್ಚಿದೆ ಅಂತ ಕೇಳಿದರೆ ಮೊಬೈಲ್ ತುಂಬ ಉತ್ತರ, ಆದರೆ ಯಾವುದನ್ನು ನಂಬೋದು?

ಅಸಲಿ ಪೇಜ್ ಯಾವುದು ಅಂತ ಎಲ್ಲರಿಗೂ ಕಾಣುವ ಕಡೆ ಬರೆದಿಡೋಕೆ ವಿಕಿಡೇಟಾ ಒಳ್ಳೆ ಜಾಗ. 2012ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ನಿನದೇ ಯೋಜನೆ. ವಿಕಿಪೀಡಿಯದಲ್ಲಿ ಲೇಖನ ಇದ್ದರೆ ಇಲ್ಲಿ ಬರೀ ಮಾಹಿತಿ: ಊರು, ವ್ಯಕ್ತಿ, ಸಂಸ್ಥೆ, ಟೂರ್ನಿ ಹೀಗೆ ಒಂದೊಂದಕ್ಕೂ ಕ್ಯೂ ಅಕ್ಷರದಿಂದ ಶುರುವಾಗುವ ನಂಬರಿನ ಒಂದು ಐಟಂ, ಅದರೊಳಗೆ ಪಿ ಅಕ್ಷರದಿಂದ ಶುರುವಾಗುವ ನಂಬರಿನ ಪ್ರಾಪರ್ಟಿಗಳು, ಅಂದರೆ ವೆಬ್‌ಸೈಟ್, ಫೇಸ್‌ಬುಕ್ ಹೆಸರು ಹೀಗೆ ಒಂದೊಂದು ಮಾಹಿತಿ ತುಂಬುವ ಖಾನೆಗಳು. ಹಾಗೆ ತುಂಬಿದ ಒಂದೊಂದು ಮಾಹಿತಿಗೂ ಹೇಳಿಕೆ ಅಂತಾರೆ. ಇಲ್ಲಿರೋ ಮಾಹಿತಿಯೆಲ್ಲ ಸಿಸಿ0 ಲೈಸೆನ್ಸ್‌ನಲ್ಲಿದೆ, ಅಂದರೆ ಯಾರು ಬೇಕಾದರೂ ಯಾರನ್ನೂ ಕೇಳದೆ ಬಳಸಬಹುದು. ನೀವು ಇವತ್ತು ಹಾಕಿದ ತಪ್ಪು ಐಡಿಯೂ (ಪೇಜನ್ನು ಗುರುತಿಸುವ ಹೆಸರು ಇಲ್ಲವೇ ನಂಬರ್) ಹಾಗೇ ಎಲ್ಲೆಲ್ಲಿಗೋ ಹೋಗುತ್ತೆ, ಅದು ನೆನಪಿರಲಿ.

ಐಡಿ ಕಾಪಿ ಮಾಡಿ ಪೇಸ್ಟ್ ಮಾಡೋದು ಯಾರಿಗಾದರೂ ಬರುತ್ತೆ. ಆ ಪೇಜ್ ಯಾರದ್ದು, ಅದು ಯಾವ ಐಟಂಗೆ ಸೇರಬೇಕು ಅನ್ನೋದನ್ನು ಪತ್ತೆ ಮಾಡೋದೇ ನಿಜವಾದ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಐಟಂ ಹುಡುಕಿ

ವಿಕಿಡೇಟಾದಲ್ಲಿ ಅಕೌಂಟ್ ಮಾಡಿಕೊಳ್ಳಿ. ಲಾಗಿನ್ ಆಗದೆಯೂ ತಿದ್ದಬಹುದು, ಆದರೆ ನಾಳೆ ಯಾರಾದರೂ ನಿಮ್ಮನ್ನು ಏನಾದರೂ ಕೇಳಬೇಕಂದರೆ ಎಲ್ಲಿ ಕೇಳಬೇಕು? ಲಾಗಿನ್ ಆದ ಮೇಲೆ ಹೆಸರನ್ನು ಎಲ್ಲಾ ರೂಪದಲ್ಲೂ ಹುಡುಕಿ. ಕೊಡಗು, ಕೂರ್ಗ್, ಮಡಿಕೇರಿ, ಮರ್ಕೆರಾ, ವಿರಾಜಪೇಟೆ, ವೀರಾಜಪೇಟೆ ಹೀಗೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಒಂದು ಸ್ಪೆಲ್ಲಿಂಗ್‌ನಲ್ಲಿ ಸಿಗಲಿಲ್ಲ ಅಂತ ಹೊಸ ಐಟಂ ತೆರೆದುಬಿಟ್ಟರೆ ಒಂದೇ ಸಂಸ್ಥೆಗೆ ಎರಡು ಐಟಂ ಆಗುತ್ತೆ, ಆಮೇಲೆ ಎರಡನ್ನೂ ಸೇರಿಸೋ ಕೆಲಸ ಇನ್ನೊಬ್ಬರ ತಲೆಗೆ.

ಐಟಂ ಸಿಕ್ಕಿತು ಅಂದ ತಕ್ಷಣ ಪೇಸ್ಟ್ ಮಾಡಬೇಡಿ. ಅದು ಏನು ಅಂತ ನೋಡಿ. 'ಮಡಿಕೇರಿ' ಅನ್ನೋ ಐಟಂ ಊರಿನದ್ದು. ಮಡಿಕೇರಿ ನಗರಸಭೆ ಬೇರೆ. ಹಾಗೇ ಕೊಡಗು ಜಿಲ್ಲೆ ಬೇರೆ, ಜಿಲ್ಲಾ ಪೊಲೀಸ್ ಬೇರೆ. ಪೊಲೀಸರ ಪೇಜನ್ನು ಜಿಲ್ಲೆಯ ಐಟಂಗೆ ಹಾಕಿದರೆ ನೋಡೋಕೆ ಸರಿ ಅನ್ನಿಸುತ್ತೆ, ಆದರೆ ತಪ್ಪು. ಊರಿನ ಹೆಸರಿಟ್ಟುಕೊಂಡು ಚಂದದ ಮಂಜಿನ ಫೋಟೋ ಹಾಕುವ ಪೇಜ್ ಊರಿನದ್ದಲ್ಲ, ಅದನ್ನು ನಡೆಸುವವರದ್ದು. ಅದಕ್ಕೆ ಎಷ್ಟು ಲಕ್ಷ ಫಾಲೋವರ್ಸ್ ಇದ್ದರೂ ಮಡಿಕೇರಿಯ ಐಟಂನಲ್ಲಿ ಜಾಗ ಇಲ್ಲ.

ಅಸಲಿ ಹೌದೋ ಅಲ್ವೋ

ನೀಲಿ ಟಿಕ್ ಇದ್ದರೆ ಸಾಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಈಗ ಅದು ಸಾಲದು. ಟ್ವಿಟರ್ 2022ರ ಕೊನೆಯಲ್ಲಿ ದುಡ್ಡಿಗೆ ಟಿಕ್ ಕೊಡೋಕೆ ಶುರು ಮಾಡಿತು, ಮರುವರ್ಷ ಫೇಸ್‌ಬುಕ್, ಇನ್‌ಸ್ಟಾಗಳ ಯಜಮಾನ ಮೆಟಾ ಕೂಡ ಅದೇ ದಾರಿ ಹಿಡಿಯಿತು. ಟಿಕ್ ಇದೆ ಅಂದರೆ ತಿಂಗಳಿಗೆ ದುಡ್ಡು ಕಟ್ಟುತ್ತಿದ್ದಾರೆ ಅಂತಲೂ ಇರಬಹುದು.

ಗಟ್ಟಿ ಸಾಕ್ಷಿ ಅಂದರೆ ಸಂಸ್ಥೆಯ ಸ್ವಂತ ವೆಬ್‌ಸೈಟ್. ಅದರ ಕೆಳಗೋ ಸಂಪರ್ಕ ಪುಟದಲ್ಲೋ ಇರುವ ಫೇಸ್‌ಬುಕ್ ಗುರುತನ್ನು ಒತ್ತಿದರೆ ಯಾವ ಪೇಜ್ ತೆರೆಯುತ್ತೋ ಅದು ಅವರದ್ದು. ಇಲ್ಲೂ ಒಂದು ತಮಾಷೆ ಇದೆ: ಎಷ್ಟೋ ಸೈಟ್‌ಗಳಲ್ಲಿ ಆ ಗುರುತು ಒತ್ತಿದರೆ ಬರೀ ಫೇಸ್‌ಬುಕ್ ಮುಖಪುಟ ಬರುತ್ತೆ, ಸೈಟ್ ಮಾಡಿಕೊಟ್ಟವರು ಲಿಂಕ್ ತುಂಬೋದನ್ನೇ ಮರೆತಿರುತ್ತಾರೆ. ಸರ್ಕಾರಿ ಕಚೇರಿಗಳದ್ದಾದರೆ ಜಿಲ್ಲಾಡಳಿತದ ಸೈಟ್, ಅಂದರೆ ಕೊನೆಗೆ ನಿಕ್ ಡಾಟ್ ಇನ್ ಅಂತ ಇರುತ್ತಲ್ಲ, ಅಲ್ಲಿಂದ ಹೊರಡಿ. ವೆಬ್‌ಸೈಟೇ ಇಲ್ಲದ ಸಂಘ ಸಂಸ್ಥೆಯಾದರೆ ಅವರ ಆಹ್ವಾನ ಪತ್ರಿಕೆ, ಕರಪತ್ರ, ಪತ್ರಿಕೆಯಲ್ಲಿ ಬಂದ ಸುದ್ದಿ ಇವುಗಳಲ್ಲಿ ಪೇಜ್ ಹೆಸರು ಇದೆಯಾ ನೋಡಿ.

ಫೇಸ್‌ಬುಕ್ ಪೇಜ್‌ನಲ್ಲಿ ಇನ್ನೊಂದು ಒಳ್ಳೆ ಜಾಗ ಇದೆ, ಯಾರೂ ನೋಡಲ್ಲ. 'ಅಬೌಟ್' ಒಳಗೆ ಹೋದರೆ 'ಪೇಜ್ ಟ್ರಾನ್ಸ್‌ಪರೆನ್ಸಿ' ಅಂತ ಸಿಗುತ್ತೆ. ಪೇಜ್‌ನ ನಂಬರ್, ಅದನ್ನು ತೆರೆದ ದಿನ, ಮೊದಲು ಬೇರೆ ಹೆಸರು ಇತ್ತಾ, ಎಲ್ಲಾ ಅಲ್ಲೇ ಇರುತ್ತೆ. ನಾಲ್ಕು ವರ್ಷ ಸೆಕೆಂಡ್ ಹ್ಯಾಂಡ್ ಬೈಕ್ ಮಾರುತ್ತಿದ್ದ ಪೇಜ್ ಇದ್ದಕ್ಕಿದ್ದಂತೆ ಉತ್ಸವ ಸಮಿತಿಯ ಹೆಸರು ಹೊತ್ತುಕೊಂಡಿದ್ದರೆ ಬಣ್ಣ ಬಯಲಾಗೋದು ಇಲ್ಲೇ. ಇನ್‌ಸ್ಟಾದಲ್ಲೂ ಕೆಲವು ಅಕೌಂಟ್‌ಗಳಿಗೆ 'ಅಬೌಟ್ ದಿಸ್ ಅಕೌಂಟ್' ಅಂತ ಹೀಗೇ ಒಂದಿದೆ.

ಆಟಗಾರರು, ಸಿನಿಮಾದವರ ವಿಷಯದಲ್ಲಿ ಇನ್ನೂ ಹುಷಾರಾಗಿರಿ. 2024ರ ಜನವರಿಯಲ್ಲಿ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಂಥ ಹೊತ್ತಲ್ಲಿ ಅಭಿಮಾನಿಗಳು ಪೇಜ್ ತೆರೆಯೋದು ಸಹಜ, ತಪ್ಪೇನಿಲ್ಲ. ಆದರೆ ಅಭಿಮಾನಿ ಪೇಜ್ ಅವರ ಐಟಂಗೆ ಸೇರಲ್ಲ.

ಲಿಂಕ್‌ನಲ್ಲಿ ಎಷ್ಟು ತುಂಡು ಬೇಕು

ಪೂರ್ತಿ ಲಿಂಕ್ ಪೇಸ್ಟ್ ಮಾಡಬೇಡಿ. ಫೇಸ್‌ಬುಕ್ ಡಾಟ್ ಕಾಮ್ ಆದ ಮೇಲೆ ಬರುವ ಓರೆಗೆರೆಯ ನಂತರದ ಹೆಸರು ಮಾತ್ರ ಬೇಕು. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬಂದು ಉದ್ದಕ್ಕೆ ಏನೇನೋ ಇರುತ್ತಲ್ಲ, ಅದು ನೀವು ಎಲ್ಲಿಂದ ಬಂದಿರಿ ಅಂತ ಲೆಕ್ಕ ಇಡೋಕೆ ಅವರೇ ಅಂಟಿಸಿದ ಬಾಲ. ಕತ್ತರಿಸಿ. ಮೊಬೈಲ್ ಆ್ಯಪ್‌ನಲ್ಲಿ 'ಶೇರ್' ಒತ್ತಿ ತೆಗೆದ ಲಿಂಕ್‌ನಲ್ಲಿ ಹೆಸರಿನ ಬದಲು 'ಶೇರ್' ಅನ್ನೋ ಪದ, ಆಮೇಲೆ ಅರ್ಥವಿಲ್ಲದ ಅಕ್ಷರಗಳು ಇರುತ್ತವೆ, ಅದಂತೂ ಐಡಿಯೇ ಅಲ್ಲ. ಆ ಲಿಂಕನ್ನು ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆಯಿರಿ, ಮೇಲೆ ಅಡ್ರೆಸ್ ಬಾರ್‌ನಲ್ಲಿ ನಿಜವಾದ ಹೆಸರು ಬರುತ್ತೆ.

ಈಗ ಐಟಂನ ಕೊನೆಗೆ ಇಳಿಯಿರಿ. ಐಡೆಂಟಿಫೈಯರ್‌ಗಳದ್ದೇ, ಅಂದರೆ ಇಂಥ ಐಡಿಗಳದ್ದೇ ಒಂದು ಭಾಗ ಇದೆ. ಅಲ್ಲಿ ಹೊಸ ಹೇಳಿಕೆ ಸೇರಿಸುವ ಬಟನ್ ಒತ್ತಿ, ಪ್ರಾಪರ್ಟಿ ಕೇಳಿದಾಗ ಇಂಗ್ಲಿಷ್ ಪಿ ಅಕ್ಷರ, ಅದಕ್ಕೆ ಅಂಟಿಕೊಂಡಂತೆ 2013 ಅಂತ ಟೈಪ್ ಮಾಡಿ. ಫೇಸ್‌ಬುಕ್ ಹೆಸರಿನ ಪ್ರಾಪರ್ಟಿ ಅದು. ಕನ್ನಡ ಇಂಟರ್‌ಫೇಸ್ ಇಟ್ಟುಕೊಂಡವರಿಗೆ ಪ್ರಾಪರ್ಟಿಗಳ ಹೆಸರು ಹುಡುಕಿದರೆ ಕೆಲವು ಸಲ ಸಿಗಲ್ಲ, ನಂಬರ್ ಹಾಕಿದರೆ ಯಾವಾಗಲೂ ಸಿಗುತ್ತೆ. ಇನ್‌ಸ್ಟಾಗ್ರಾಮ್ ಪಿ2003, ಎಕ್ಸ್ ಅಂದರೆ ಹಳೇ ಟ್ವಿಟರ್ ಪಿ2002, ಯೂಟ್ಯೂಬ್ ಚಾನೆಲ್ ಐಡಿ ಪಿ2397, ಅಧಿಕೃತ ವೆಬ್‌ಸೈಟ್ ಪಿ856. ಇಷ್ಟು ಗೊತ್ತಿದ್ದರೆ ಮುಕ್ಕಾಲು ಕೆಲಸ ನಡೆಯುತ್ತೆ.

ಯೂಟ್ಯೂಬ್ ಸ್ವಲ್ಪ ತಕರಾರು. ಕಣ್ಣಿಗೆ ಕಾಣೋದು ಅಟ್ ಚಿಹ್ನೆಯ ಹ್ಯಾಂಡಲ್, ಅದು 2022ರಲ್ಲಿ ಬಂದದ್ದು, ಅದಕ್ಕೆ ಪಿ11245 ಅಂತ ಬೇರೆ ಪ್ರಾಪರ್ಟಿ ಇದೆ. ಪಿ2397ಕ್ಕೆ ಬೇಕಾದ್ದು ಯುಸಿ ಅಂತ ಶುರುವಾಗುವ 24 ಅಕ್ಷರಗಳ ಐಡಿ. ಚಾನೆಲ್‌ನ ವಿವರ ತೆರೆದು 'ಶೇರ್ ಚಾನೆಲ್' ಒತ್ತಿದರೆ ಚಾನೆಲ್ ಐಡಿ ಕಾಪಿ ಮಾಡೋ ಆಯ್ಕೆ ಬರುತ್ತೆ. ಕೈಯಲ್ಲಿ ಟೈಪ್ ಮಾಡೋ ಸಾಹಸ ಬೇಡ, ದೊಡ್ಡಕ್ಷರ ಸಣ್ಣಕ್ಷರ ಒಂದು ಹೆಚ್ಚುಕಮ್ಮಿ ಆದರೂ ಕೆಲಸ ಕೆಟ್ಟಿತು. ಹ್ಯಾಂಡಲ್ ಬದಲಾಗಬಹುದು, ಯುಸಿ ಐಡಿ ಬದಲಾಗಲ್ಲ, ಅದಕ್ಕೇ ಎರಡನ್ನೂ ಹಾಕೋದು ಒಳ್ಳೇದು. ಎಕ್ಸ್‌ನಲ್ಲೂ ಇದೇ ಕಥೆ: ಒಬ್ಬರು ಹೆಸರು ಬಿಟ್ಟರೆ ಇನ್ನೊಬ್ಬರು ಅದನ್ನೇ ತೆಗೆದುಕೊಳ್ಳಬಹುದು, ಹಾಗಾಗಿ ಹೆಸರಿನ ಜೊತೆಗೆ ಅಂಕಿಯ ಐಡಿಯನ್ನು ಪಿ6552 ಅಂತ ಕ್ವಾಲಿಫೈಯರ್ ಆಗಿ, ಅಂದರೆ ಅದೇ ಹೇಳಿಕೆಯ ಕೆಳಗೆ ಬರುವ ಹೆಚ್ಚಿನ ವಿವರವಾಗಿ ಸೇರಿಸುತ್ತಾರೆ.

ಪಬ್ಲಿಶ್ ಒತ್ತಿದ ಮೇಲೆ ನೀವು ಹಾಕಿದ್ದೇ ಲಿಂಕ್ ಆಗುತ್ತೆ. ಅದನ್ನು ಒತ್ತಿ ಸರಿಯಾದ ಪೇಜ್‌ಗೆ ಹೋಗುತ್ತಾ ನೋಡಿ. ಒಂದೊಂದು ಹೇಳಿಕೆಯೂ ಬೇರೆ ಬೇರೆಯಾಗಿ ಸೇವ್ ಆಗೋದರಿಂದ ಮಧ್ಯದಲ್ಲಿ ಕರೆಂಟ್ ಹೋದರೂ ಕೊನೇದೊಂದು ಮಾತ್ರ ಹೋಗುತ್ತೆ. ಜೂನ್ ಜುಲೈನಲ್ಲಿ ಕೊಡಗಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ಹಾಕಿ ಹಬ್ಬದ ಪೇಜ್ ಎಲ್ಲಿ ಹಾಕೋದು?

ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದರು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತೆ, ಕಪ್‌ಗೂ ಆ ಕುಟುಂಬದ್ದೇ ಹೆಸರು. 2018ರಲ್ಲಿ ಕುಲ್ಲೇಟಿರ, ಆಮೇಲೆ ಪ್ರವಾಹ, ಕೋವಿಡ್ ಅಂತ ನಿಂತುಹೋಗಿ 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ.

ಈಗ ಒಂದು ವರ್ಷದ ಕಪ್ ಹೆಸರಲ್ಲಿ ಇರುವ ಪೇಜನ್ನು ನೀವು ಹಾಕಿ ಹಬ್ಬದ ಮುಖ್ಯ ಐಟಂಗೆ ಹಾಕಿದಿರಿ ಅಂದುಕೊಳ್ಳಿ. ಮುಂದಿನ ವರ್ಷ ಇನ್ನೊಂದು ಕುಟುಂಬ, ಇನ್ನೊಂದು ಪೇಜ್. ಹಳೇದರಲ್ಲಿ ಫೈನಲ್ ಮುಗಿದ ಮಾರನೇ ದಿನದಿಂದ ಒಂದು ಪೋಸ್ಟೂ ಇರಲ್ಲ, ಆದರೂ ಇಡೀ ಹಬ್ಬದ ಅಧಿಕೃತ ಪೇಜ್ ಅದೇ ಅಂತ ಲೋಕಕ್ಕೆಲ್ಲ ಹೇಳುತ್ತಾ ಕೂತಿರುತ್ತೆ. ಸರಿಯಾದ ದಾರಿ ಅಂದರೆ ಆ ವರ್ಷದ ಟೂರ್ನಿಗೇ ಬೇರೆ ಐಟಂ, ಅದನ್ನು ಮುಖ್ಯ ಐಟಂಗೆ ಪಿ3450 (ಇದು ಯಾವ ಟೂರ್ನಿಯ ಆವೃತ್ತಿ ಅಂತ ಹೇಳುವ ಪ್ರಾಪರ್ಟಿ) ಮೂಲಕ ಜೋಡಿಸೋದು, ಪೇಜ್ ಐಡಿಯನ್ನು ಆ ವರ್ಷದ ಐಟಂನಲ್ಲಿ ಮಾತ್ರ ಇಡೋದು. ಇನ್ನು ಒಕ್ಕದ, ಅಂದರೆ ಕೊಡವ ಮನೆತನದ ಹೆಸರಲ್ಲಿ, ಸಂಬಂಧಿಕರಿಗಾಗಿ ಮಾಡಿಕೊಂಡಿರುವ ಗ್ರೂಪ್ ಇರುತ್ತಲ್ಲ, ಅದನ್ನು ಮುಟ್ಟಲೇಬೇಡಿ. ಅದು ಟೂರ್ನಿಯದ್ದಲ್ಲ, ಊರಿಗೆಲ್ಲ ತೆರೆದದ್ದೂ ಅಲ್ಲ.

ಹಳೇ ಪೇಜ್ ನಿಂತು ಹೊಸದು ಬಂದಾಗ, ಅದು ಯಾವ ಸಂಸ್ಥೆಯದ್ದಾದರೂ ಸರಿ, ಹಳೇದನ್ನು ಅಳಿಸಬೇಡಿ. ಹಳೇದಕ್ಕೆ ಮುಗಿದ ದಿನ ಪಿ582, ಹೊಸದಕ್ಕೆ ಶುರುವಾದ ದಿನ ಪಿ580 ಅಂತ ಕ್ವಾಲಿಫೈಯರ್ ಹಾಕಿ, ಹೊಸದರ ರ್ಯಾಂಕ್ ಮೇಲೆ ಮಾಡಿ. ಎಡಗಡೆ ಇರುವ ಸಣ್ಣ ಬಾಣದ ಗುರುತುಗಳೇ ರ್ಯಾಂಕ್. ಹಳೇ ಹೆಸರು ಯಾಕೆ ಬೇಕು ಅಂದರೆ, ಐದು ವರ್ಷದ ಹಿಂದಿನ ಸುದ್ದಿಯಲ್ಲಿ ಬಂದ ಲಿಂಕ್ ಯಾರದ್ದು ಅಂತ ತಿಳಿಯೋಕೆ ಅದೇ ದಾರಿ. ಒಂದೇ ಸಂಸ್ಥೆ ಕನ್ನಡಕ್ಕೊಂದು, ಇಂಗ್ಲಿಷ್‌ಗೊಂದು ಪೇಜ್ ನಡೆಸುತ್ತಿದ್ದರೆ ಎರಡನ್ನೂ ಹಾಕಿ, ಭಾಷೆಯನ್ನು ಪಿ407ರಲ್ಲಿ ತಿಳಿಸಿ.

ರೆಫರೆನ್ಸ್ ಹಾಕೋದು ಎರಡು ನಿಮಿಷದ ಕೆಲಸ: ಯಾವ ವೆಬ್‌ಪುಟ ನೋಡಿ ನಂಬಿದಿರೋ ಅದರ ಲಿಂಕ್ ಪಿ854ರಲ್ಲಿ, ನೋಡಿದ ದಿನ ಪಿ813ರಲ್ಲಿ. ಫಾಲೋವರ್ಸ್ ಸಂಖ್ಯೆಗೂ ಪ್ರಾಪರ್ಟಿ ಇದೆ, ಆದರೆ ನಾಳೆಗೇ ಹಳೇದಾಗುವ ಅಂಕಿಗೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ.

ಹೋಮ್‌ಸ್ಟೇಯವರು ಕೇಳುವ ಮಾತು

'ನಮ್ಮದೂ ಒಂದು ಹಾಕಿಬಿಡಿ' ಅಂತ ಕೇಳುವವರು ಇದ್ದೇ ಇರುತ್ತಾರೆ. ವಿಕಿಡೇಟಾದಲ್ಲಿ ಐಟಂ ಇರಬೇಕಾದರೆ ವಿಕಿಪೀಡಿಯದಂಥ ಕಡೆ ಲೇಖನ ಇರಬೇಕು, ಇಲ್ಲವೇ ನಂಬಿಕೆಗೆ ಅರ್ಹವಾದ ಬೇರೆ ಮೂಲಗಳಲ್ಲಿ ಅದರ ವಿವರ ಇರಬೇಕು, ಇಲ್ಲವೇ ಇನ್ನೊಂದು ಐಟಂ ಪೂರ್ತಿಯಾಗೋಕೆ ಅದು ಬೇಕಾಗಿರಬೇಕು. ಬರೀ ಜಾಹೀರಾತಿಗೆ ಮಾಡಿದ ಐಟಂ ಅಳಿಸಿಹೋಗುತ್ತೆ. ಮೊದಲೇ ಹೇಳಿಬಿಡಿ, ಆಮೇಲೆ ಮುಖ ಕೆಡಿಸಿಕೊಳ್ಳೋದು ಬೇಡ. ಖಾಸಗಿ ವ್ಯಕ್ತಿಗಳ ಪ್ರೊಫೈಲ್, ವಾಟ್ಸ್ಆ್ಯಪ್ ಗ್ರೂಪ್‌ನ ಲಿಂಕ್, ಯಾರದೋ ಮೊಬೈಲ್ ನಂಬರ್ ಇವು ಯಾವ ಕಾರಣಕ್ಕೂ ಬೇಡ.

ಹೇಳಿಕೆಯ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ಅದನ್ನು ಒತ್ತಿ ಓದಿ. 'ಇದೇ ಐಡಿ ಇನ್ನೊಂದು ಐಟಂನಲ್ಲೂ ಇದೆ' ಅಂತ ಇದ್ದರೆ ಅದು ಉಪಕಾರವೇ, ಯಾಕಂದರೆ ಡಬಲ್ ಐಟಂಗಳು ಸಿಕ್ಕಿಬೀಳೋದು ಹೆಚ್ಚಾಗಿ ಹೀಗೇ. ಕೈ ಪಳಗೋವರೆಗೆ ಸ್ಯಾಂಡ್‌ಬಾಕ್ಸ್ ಐಟಂ ಕ್ಯೂ4115189ರಲ್ಲಿ ಏನು ಬೇಕಾದರೂ ಹಾಕಿ ನೋಡಿ, ಯಾರೂ ಬೈಯಲ್ಲ. ತುಂಬ ಐಡಿಗಳನ್ನು ಒಟ್ಟಿಗೆ ಹಾಕೋಕೆ ಕ್ವಿಕ್‌ಸ್ಟೇಟ್‌ಮೆಂಟ್ಸ್ ಅನ್ನೋ ಟೂಲ್ ಇದೆ. ಅದಕ್ಕೆ ಅಕೌಂಟ್ ತೆರೆದು ನಾಲ್ಕು ದಿನ ಆಗಿರಬೇಕು, 50 ತಿದ್ದುಪಡಿ ಮಾಡಿರಬೇಕು. ಆ 50ನ್ನು ಕೈಯಲ್ಲೇ ಮಾಡಿ, ಅಷ್ಟರಲ್ಲಿ ಯಾವ ಪೇಜ್ ಯಾವ ಐಟಂಗೆ ಅಂತ ಕಣ್ಣು ಪಳಗಿರುತ್ತೆ. ಯಾರಾದರೂ ನಿಮ್ಮ ತಿದ್ದುಪಡಿ ವಾಪಸ್ ತೆಗೆದಿದ್ದರೆ ಹಿಸ್ಟರಿಯಲ್ಲಿ ಕಾರಣ ಓದಿ, ಒಪ್ಪಿಗೆ ಆಗದಿದ್ದರೆ ಅದೇ ಐಟಂನ ಚರ್ಚೆ ಪುಟದಲ್ಲಿ ನಿಮ್ಮ ಸಾಕ್ಷಿಯ ಲಿಂಕ್ ಹಾಕಿ ಕೇಳಿ.