ರೈಲು ನಿಲ್ದಾಣದ ಟಿಕೆಟ್ ಗೇಟು ತೆರೆಯದಿದ್ದರೆ ಏನು ಮಾಡಬೇಕು, ಯಾರಿಗೆ ಏನು ಹೇಳಬೇಕು?

ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಾರ್ಡು. ಬೆನ್ನ ಹಿಂದೆ ಹತ್ತು ಜನ. ಕಾರ್ಡು ಮುಟ್ಟಿಸಿದರೆ ಗೇಟಿನ ರೆಕ್ಕೆ ಅಲುಗುವುದಿಲ್ಲ. ಕೆಂಪು ದೀಪ, ಕಿರಿಕಿರಿ ಸದ್ದು, ಪುಟ್ಟ ಪರದೆಯ ಮೇಲೆ ಓದುವಷ್ಟರಲ್ಲಿ ಮಾಯವಾಗುವ ಒಂದು ಸಾಲು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರೂ ಆಗ ಕಳ್ಳರ ಹಾಗೆ ಅತ್ತಿತ್ತ ನೋಡುತ್ತಾರೆ.

ನೀವು ಪ್ರಾಮಾಣಿಕರೋ ಅಲ್ಲವೋ ಗೇಟಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಅದಕ್ಕಿಲ್ಲ. ಅದು ಹುಡುಕುವುದು ಒಂದೇ ಒಂದು ಜೋಡಿಯನ್ನು: ಇಲ್ಲಿ ಒಳಗೆ ಹೋದದ್ದು, ಅಲ್ಲಿ ಹೊರಗೆ ಬಂದದ್ದು. ಈ ಜೋಡಿ ಕೂಡದಿದ್ದರೆ ಬಾಗಿಲು ತೆಗೆಯುವುದಿಲ್ಲ, ಇಲ್ಲವೇ ತೆಗೆದು ಹೆಚ್ಚು ದುಡ್ಡು ಹಿಡಿಯುತ್ತದೆ. ನಿಲ್ದಾಣಗಳಲ್ಲಿ ನಡೆಯುವ ಬಹುಪಾಲು ಜಗಳದ ಬುಡ ಇಲ್ಲಿದೆ. ಇದೊಂದು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು.

ಮೊದಲು: ಕೈಯಲ್ಲಿ ಒಂದೇ ಇರಲಿ

ಪರ್ಸನ್ನು ಇಡಿಯಾಗಿ ಗೇಟಿಗೆ ಒತ್ತುವ ಅಭ್ಯಾಸ ಬಿಡಿ. ಈಗಿನ ಬ್ಯಾಂಕ್ ಕಾರ್ಡ್, ಪ್ರಯಾಣದ ಕಾರ್ಡ್, ಕೆಲವು ಕಚೇರಿಗಳ ಗುರುತಿನ ಚೀಟಿ ಎಲ್ಲವೂ 13.56 ಮೆಗಾಹರ್ಟ್ಸ್ ತರಂಗದಲ್ಲೇ ಮಾತಾಡುತ್ತವೆ. ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಗೇಟಿನ ಓದುಯಂತ್ರ ಹೊರಸೂಸುವ ಶಕ್ತಿಯನ್ನೇ ಹೀರಿಕೊಂಡು ಅದು ಎಚ್ಚರಗೊಂಡು ಉತ್ತರಿಸುತ್ತದೆ. ಪರ್ಸಿನಲ್ಲಿ ಮೂರು ಕಾರ್ಡುಗಳಿದ್ದರೆ ಮೂರೂ ಎಚ್ಚರಗೊಳ್ಳುತ್ತವೆ. ಆಗ ಯಂತ್ರ ಗೊಂದಲಕ್ಕೆ ಬಿದ್ದು ಕೆಂಪು ದೀಪ ಹಾಕಬಹುದು. ಅದಕ್ಕಿಂತ ಕೆಟ್ಟದ್ದು, ಒಳಗೆ ಹೋಗುವಾಗ ಒಂದು ಕಾರ್ಡು, ಹೊರಬರುವಾಗ ಇನ್ನೊಂದು ಓದಿಸಿಕೊಳ್ಳುವುದು.

ನನಗೆ ಆದದ್ದು ಇದೇ. ದುಡ್ಡು ತುಂಬಿಸಿದ ಪ್ರಯಾಣದ ಕಾರ್ಡಿನ ಹಿಂದೆ ಬ್ಯಾಂಕಿನ ಕಾರ್ಡು ಅಂಟಿಕೊಂಡಿತ್ತು. ಹೊರಗೆ ಬರುವಾಗ ಹಸಿರು ದೀಪವೇ ಬಂತು, ನಾನೂ ಖುಷಿಯಾಗಿ ನಡೆದೆ. ಮಾರನೆಯ ದಿನ ನೋಡಿದರೆ ಎರಡೂ ಕಾರ್ಡುಗಳಲ್ಲಿ ಅರ್ಧರ್ಧ ಪ್ರಯಾಣ. ಒಂದು ಒಳಗೆ ಹೋಗಿ ಹೊರಬಂದಿಲ್ಲ, ಇನ್ನೊಂದು ಒಳಗೇ ಹೋಗದೆ ಹೊರಬಂದಿದೆ. ಎರಡಕ್ಕೂ ದುಡ್ಡು ಕಟ್ಟಾಗಿತ್ತು.

ಇದೇ ಜಾತಿಯ ಇನ್ನೊಂದು ಬಲೆ ಫೋನಿನದು. ಬ್ಯಾಂಕ್ ಕಾರ್ಡನ್ನು ಫೋನಿಗೆ ಸೇರಿಸಿ ಟ್ಯಾಪ್ ಮಾಡುವವರು, ಕಾರ್ಡೂ ಫೋನೂ ಒಂದೇ ಖಾತೆಯದಲ್ಲವೇ ಎಂದುಕೊಳ್ಳುತ್ತಾರೆ. ಖಾತೆ ಒಂದೇ, ಆದರೆ ಫೋನು ಗೇಟಿಗೆ ಹೇಳುವ ಸಂಖ್ಯೆ ಬೇರೆ. ಕಾರ್ಡಿನ ಅಸಲಿ ಸಂಖ್ಯೆಯನ್ನು ಬಚ್ಚಿಟ್ಟು ಬದಲಿ ಸಂಖ್ಯೆ ಕೊಡುವುದು ಅದರ ಸುರಕ್ಷತೆಯ ಉಪಾಯ. ಕಾರ್ಡು ಮುಟ್ಟಿಸಿ ಒಳಹೋಗಿ, ಫೋನು ಮುಟ್ಟಿಸಿ ಹೊರಬಂದರೆ ಗೇಟಿನ ಲೆಕ್ಕದಲ್ಲಿ ನೀವು ಇಬ್ಬರು. ಫೋನಾದರೆ ಕೊನೆಯವರೆಗೂ ಫೋನು, ಕಾರ್ಡಾದರೆ ಕೊನೆಯವರೆಗೂ ಕಾರ್ಡು.

ಒಂದೇ ಕಾರ್ಡಿನಲ್ಲಿ ಇಬ್ಬರನ್ನು ಒಳಗೆ ಕಳಿಸುವ ಪ್ರಯತ್ನವೂ ಬೇಡ. ಒಳಗೆ ಹೋದ ಕಾರ್ಡು ಹೊರಬರದೆ ಮತ್ತೆ ಒಳಹೋಗಲು ಸಾಮಾನ್ಯವಾಗಿ ಗೇಟು ಬಿಡುವುದಿಲ್ಲ.

ಎರಡನೆಯದು: ಮುಟ್ಟಿಸಿ, ನಿಲ್ಲಿಸಿ, ತೆಗೆಯಿರಿ

ಗಡಿಬಿಡಿಯಲ್ಲಿರುವವರು ಕಾರ್ಡನ್ನು ಯಂತ್ರದ ಮೇಲೆ ಬೀಸುತ್ತಾರೆ. ಓದು ಅರ್ಧಕ್ಕೆ ತುಂಡಾಗುತ್ತದೆ. ಇದು ಜನರ ದಡ್ಡತನವಲ್ಲ ಎಂಬುದಕ್ಕೆ ಜಪಾನಿನಲ್ಲಿ ಸಾಕ್ಷಿಯಿದೆ. ಅಲ್ಲಿ 2001ರಲ್ಲಿ ಬಂದ ಸುಯಿಕಾ ಎಂಬ ಪ್ರಯಾಣದ ಕಾರ್ಡಿನ ಮೊದಲ ಪ್ರಯೋಗಗಳಲ್ಲಿ ಗೇಟು ದಾಟಲಾಗದೆ ತಡವರಿಸಿದವರು ಅನೇಕರು. ಕೆಲವರು ಕಾರ್ಡನ್ನು ಲಂಬವಾಗಿ ಹಿಡಿದರು, ಕೆಲವರು ದೂರದಿಂದ ತೋರಿಸಿದರು. ವಿನ್ಯಾಸಕಾರ ಶುಂಜಿ ಯಾಮಾನಾಕಾ ಬೇರೆ ಬೇರೆ ಆಕಾರಗಳನ್ನು ಜನರ ಮುಂದಿಟ್ಟು ನೋಡಿ, ಕೊನೆಗೆ ಓದುಯಂತ್ರದ ಮುಖವನ್ನು ಪ್ರಯಾಣಿಕರ ಕಡೆಗೆ 13.5 ಡಿಗ್ರಿಯಷ್ಟು ಓರೆ ಮಾಡಿದರು. ಅಷ್ಟಕ್ಕೆ ಜನ ತಾವಾಗಿಯೇ ಕಾರ್ಡನ್ನು ಸಪಾಟಾಗಿ ಇಟ್ಟರು. ಯಾರಿಗೂ ಪಾಠ ಹೇಳಬೇಕಾಗಲಿಲ್ಲ.

ನಿಮ್ಮೆದುರಿನ ಗೇಟಿಗೆ ಅಂಥ ಓರೆ ಇರಲಿ, ಇಲ್ಲದಿರಲಿ, ಕಾರ್ಡನ್ನು ಗುರುತಿನ ಮೇಲೆ ಸಪಾಟಾಗಿ ಇಟ್ಟು ಮನಸ್ಸಿನಲ್ಲಿ 'ಒಂದು' ಎಂದು ಎಣಿಸಿ. ಸದ್ದು ಬಂದ ಮೇಲೆ ಎತ್ತಿ.

ಕ್ಯೂಆರ್ ಕೋಡಿನ ಕತೆ ಬೇರೆ. ಅಲ್ಲಿ ತರಂಗವಿಲ್ಲ, ಕ್ಯಾಮೆರಾ ಇದೆ. ಪರದೆಯ ಬೆಳಕು ಪೂರ್ತಿ ಏರಿಸಿ, ಗಾಜಿಗೆ ತೀರಾ ಅಂಟಿಸದೆ ನಾಲ್ಕು ಬೆರಳು ದೂರ ಹಿಡಿಯಿರಿ. ಸೀಳು ಬಿಟ್ಟ ಪರದೆಯಲ್ಲಿ ಕೋಡು ಮೂಡುವ ಜಾಗ ಒಡೆದಿದ್ದರೆ ಯಂತ್ರ ಸೋಲುವುದುಂಟು. ಆಗಾಗ ಬದಲಾಗುವ ಕೋಡಾದರೆ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬಾರದು. ಬದಲಾಗದ ಕೋಡಾದರೆ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ, ನೆಲದಡಿಯ ನಿಲ್ದಾಣದಲ್ಲಿ ಸಿಗ್ನಲ್ ಹುಡುಕುವ ಪಾಡು ತಪ್ಪುತ್ತದೆ. ಕಪ್ಪು ಪಟ್ಟಿಯ ಕಾಗದದ ಟಿಕೆಟ್ಟಾದರೆ ಅಯಸ್ಕಾಂತವಿರುವ ಫೋನ್ ಕವರಿನಿಂದ ದೂರವಿಡಿ. ಪಟ್ಟಿಯಲ್ಲಿ ಬರೆದದ್ದು ಅಳಿಸಿಹೋಗುತ್ತದೆ.

ಮೂರನೆಯದು: ಕೆಂಪು ಬಂದರೆ ಪಕ್ಕಕ್ಕೆ ಸರಿಯಿರಿ

ಎಲ್ಲರೂ ತಪ್ಪುವುದು ಇಲ್ಲೇ. ಕೆಂಪು ಬಂದ ಕೂಡಲೇ ಮತ್ತೆ ಮತ್ತೆ ಕುಟ್ಟುತ್ತೇವೆ, ಲಿಫ್ಟಿನ ಬಟನ್ ಒತ್ತಿದ ಹಾಗೆ. ಇನ್ನೊಂದು ಸಲ ಮುಟ್ಟಿಸಿ ನೋಡುವುದರಲ್ಲಿ ತಪ್ಪಿಲ್ಲ. ಮೂರನೆಯ ಸಲ ಬೇಡ. ಅಷ್ಟರಲ್ಲಿ ನಿಮ್ಮ ಹಿಂದಿನವರ ತಾಳ್ಮೆಯೂ ಮುಗಿದಿರುತ್ತದೆ.

ಪರದೆಯ ಮೇಲಿನ ಸಾಲನ್ನೋ ಸಂಖ್ಯೆಯನ್ನೋ ಓದಿಕೊಳ್ಳಿ. ಮಾಯವಾದರೆ ಇನ್ನೊಮ್ಮೆ ಮುಟ್ಟಿಸುವುದು ಅದನ್ನು ಓದುವುದಕ್ಕೆಂದೇ ಆಗಲಿ. ಬ್ಯಾಲೆನ್ಸ್ ಸಾಲದು, ಒಳಬಂದ ದಾಖಲೆಯಿಲ್ಲ, ಹೊತ್ತು ಮೀರಿದೆ, ಕಾರ್ಡು ಓದಲಾಗುತ್ತಿಲ್ಲ: ಕಾರಣ ಬಹುಮಟ್ಟಿಗೆ ಈ ನಾಲ್ಕರಲ್ಲಿ ಒಂದು. ಹೊತ್ತು ಮೀರುವುದು ಹಲವರಿಗೆ ಗೊತ್ತೇ ಇರುವುದಿಲ್ಲ. ಒಳಗೆ ಗೆಳೆಯರಿಗಾಗಿ ಕಾಯುತ್ತ ಗಂಟೆಗಟ್ಟಲೆ ಕೂತರೆ, ಅಥವಾ ಹತ್ತದೆ ಅದೇ ನಿಲ್ದಾಣದಿಂದ ಹೊರಬಂದರೆ, ಅನೇಕ ವ್ಯವಸ್ಥೆಗಳಲ್ಲಿ ಗೇಟು ತಡೆಯುತ್ತದೆ ಅಥವಾ ಹೆಚ್ಚು ದುಡ್ಡು ಹಿಡಿಯುತ್ತದೆ.

ಆಮೇಲೆ ಅಗಲದ ಗೇಟಿನ ಬಳಿ ಹೋಗಿ. ಗಾಲಿಕುರ್ಚಿ, ದೊಡ್ಡ ಪೆಟ್ಟಿಗೆಗಳಿಗೆಂದು ಇಟ್ಟ ಆ ಗೇಟಿನ ಹತ್ತಿರವೇ ಸಾಮಾನ್ಯವಾಗಿ ಸಿಬ್ಬಂದಿ ಇರುತ್ತಾರೆ, ಇಲ್ಲವೇ ಕರೆಗುಂಡಿ ಇರುತ್ತದೆ. ಅವರಿಗೆ ನಿಮ್ಮ ದಿನದ ಕತೆ ಬೇಡ. ಎಲ್ಲಿ ಹತ್ತಿದಿರಿ, ಎಷ್ಟು ಹೊತ್ತಿಗೆ, ಯಾವ ಕಾರ್ಡಿನಲ್ಲಿ, ಪರದೆ ಏನು ಹೇಳಿತು, ಇಷ್ಟು ಹೇಳಿ. "ನಿಮ್ಮ ಮೆಷಿನ್ನೇ ಸರಿಯಿಲ್ಲ" ಎಂದು ಶುರುಮಾಡಿದರೆ ಅವರು ಮೆಷಿನ್ನಿನ ಪರ ವಕಾಲತ್ತು ಶುರುಮಾಡುತ್ತಾರೆ. "ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಬಂದೆ, ಒಳಬಂದ ದಾಖಲೆಯೇ ಇಲ್ಲ ಅನ್ನುತ್ತಿದೆ, ಸ್ವಲ್ಪ ನೋಡ್ತೀರಾ ಸರ್?" ಎಂದರೆ ಕಾರ್ಡು ತೆಗೆದುಕೊಂಡು ನೋಡುತ್ತಾರೆ.

ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ನುಸುಳಿ ಹೊರಬರುವುದು ಸುಲಭ ಅನ್ನಿಸುತ್ತದೆ. ಸಿಕ್ಕಿಬೀಳುವ ಮಾತು ಹಾಗಿರಲಿ, ನಿಜವಾಗಿ ಟಿಕೆಟ್ ಇದ್ದವರಿಗೇ ಇದರ ನಷ್ಟ ಹೆಚ್ಚು. ಕಾರ್ಡು ಇನ್ನೂ ಒಳಗೇ ಇದೆ ಎಂದು ಲೆಕ್ಕ ಹೇಳುತ್ತದೆ. ಲಂಡನ್ನಿನಂಥ ಕಡೆ ಹೊರಬರುವಾಗ ಕಾರ್ಡು ಮುಟ್ಟಿಸದ ಪ್ರಯಾಣಕ್ಕೆ ಗರಿಷ್ಠ ದರವನ್ನೇ ಹಿಡಿಯುತ್ತಾರೆ. ಗೇಟು ತೆರೆದುಬಿಟ್ಟಿರುವ ನಿಲ್ದಾಣದಲ್ಲೂ ಮುಟ್ಟಿಸಿಯೇ ಹೊರಡಬೇಕೆನ್ನುವುದು ಇದಕ್ಕೇ.

ಇಳಿದ ನಿಲ್ದಾಣ ನಿಮ್ಮ ಟಿಕೆಟ್ಟಿಗಿಂತ ಮುಂದಿನದಾದರೆ ಗೇಟಿಗೆ ಹೋಗುವ ಮೊದಲೇ ವ್ಯತ್ಯಾಸದ ದುಡ್ಡು ಕಟ್ಟಿ. ಜಪಾನಿನ ಅನೇಕ ನಿಲ್ದಾಣಗಳಲ್ಲಿ ಇದಕ್ಕೆಂದೇ ಗೇಟಿನ ಒಳಬದಿಯಲ್ಲಿ ಯಂತ್ರವಿದೆ. ಟಿಕೆಟ್ ತೂರಿಸಿ, ಬಾಕಿ ಹಾಕಿ, ಹೊಸ ಚೀಟಿ ತೆಗೆದುಕೊಂಡು ಹೊರಡಬಹುದು. ದಂಡವಿಲ್ಲ, ಬೈಗುಳವಿಲ್ಲ. ಎಲ್ಲ ಕಡೆಯೂ ಇಂಥದೊಂದು ಇದ್ದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು ಎಂದೇ ನನ್ನ ಅನಿಸಿಕೆ.

ನಾಲ್ಕನೆಯದು: ಗೇಟೇ ಇಲ್ಲದ ಕಡೆ ಇನ್ನೂ ಎಚ್ಚರ

ಜರ್ಮನಿಯ ನಿಲ್ದಾಣಗಳಲ್ಲಿ ಗೇಟು ಕಾಣಿಸುವುದಿಲ್ಲ, ನೇರ ಹೋಗಿ ಹತ್ತಬಹುದು. ತಪಾಸಣೆ ಗಾಡಿಯೊಳಗೆ. ಇಂಥ ಕಡೆ ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಅದನ್ನು 'ಶುರು' ಮಾಡಬೇಕಾಗಬಹುದು. ಇಟಲಿಯಲ್ಲಿ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ಟನ್ನು ಇನ್ನೊಮ್ಮೆಯೂ ಬಳಸಬಹುದಲ್ಲ, ಅದಕ್ಕೇ. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದ ಪ್ರವಾಸಿಗರ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಆ ನ್ಯಾಯ ಗಾಡಿಯೊಳಗೆ ಸಿಗುವುದಿಲ್ಲ.

ಟಿಕೆಟ್ ಯಂತ್ರವೋ ಮುದ್ರೆಯ ಪೆಟ್ಟಿಗೆಯೋ ಕೆಟ್ಟಿದ್ದರೆ ಅದರ ಮೇಲಿನ ಸಂಖ್ಯೆ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಹತ್ತಿದ ಕೂಡಲೇ ಗಾಡಿಯ ಸಿಬ್ಬಂದಿಯನ್ನು ನೀವೇ ಹುಡುಕಿಕೊಂಡು ಹೋಗಿ ಹೇಳಿ. ಪರೀಕ್ಷಕರು ಬಂದ ಮೇಲೆ ಹೇಳಿದರೆ ಅದು ನೆಪ. ಮೊದಲೇ ಹೇಳಿದರೆ ಮಾಹಿತಿ.

ತಪಾಸಣೆಯ ಹೊತ್ತಿಗೆ ಚಾರ್ಜ್ ಮುಗಿದ ಫೋನಿನೊಳಗಿನ ಟಿಕೆಟ್ ಇಲ್ಲದ ಟಿಕೆಟ್ಟಿಗೆ ಸಮ. ದೂರದ ಪ್ರಯಾಣಕ್ಕೆ ಒಂದು ಕಾಗದದ ಪ್ರತಿ ಇರಲಿ, ಅಥವಾ ಜೊತೆಯವರ ಫೋನಿಗೂ ಕಳಿಸಿಟ್ಟಿರಿ.

ಐದನೆಯದು: ದಂಡ ಕಟ್ಟಲೇಬೇಕಾದರೆ ಕಾಗದ ಕೇಳಿ

1830ರ ದಶಕದಲ್ಲಿ ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ಟರು, ಮೂಲತಃ ಪೀಠೋಪಕರಣ ಮಾಡುವ ಕುಶಲಕರ್ಮಿ, ಸಣ್ಣ ರಟ್ಟಿನ ಟಿಕೆಟ್ಟಿಗೆ ಕ್ರಮಸಂಖ್ಯೆ ಹಾಕಿದ. ಅದಕ್ಕೂ ಮೊದಲು ಗುಮಾಸ್ತರು ಪ್ರತಿ ಚೀಟಿಯನ್ನೂ ಕೈಯಲ್ಲಿ ಬರೆದು ಕೊಡುತ್ತಿದ್ದರು. ವಸೂಲಾದದ್ದೆಷ್ಟು, ತಿಜೋರಿಗೆ ಸೇರಿದ್ದೆಷ್ಟು ಎಂದು ತಾಳೆ ನೋಡುವುದೇ ಕಷ್ಟವಾಗಿತ್ತು. ಕ್ರಮಸಂಖ್ಯೆ ಬಂದ ಮೇಲೆ ಎಷ್ಟು ಟಿಕೆಟ್ ಹೋಯಿತೋ ಅಷ್ಟು ದುಡ್ಡು ಇರಲೇಬೇಕಾಯಿತು. ಅಂದರೆ ಆ ಸಂಖ್ಯೆ ಕಾವಲು ಕಾದದ್ದು ಪ್ರಯಾಣಿಕರನ್ನಷ್ಟೇ ಅಲ್ಲ, ಗುಮಾಸ್ತರನ್ನೂ.

ಇಂದಿಗೂ ಅದೇ ಲೆಕ್ಕ. ದಂಡ ಕಟ್ಟುವುದಾದರೆ ಕ್ರಮಸಂಖ್ಯೆಯಿರುವ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ತಾರೀಖು, ಗಾಡಿ ಅಥವಾ ನಿಲ್ದಾಣ, ಮೊತ್ತ, ಕಾರಣ ನಾಲ್ಕೂ ಇವೆಯೇ ನೋಡಿ. ಪರೀಕ್ಷಕರ ಗುರುತಿನ ಚೀಟಿ ತೋರಿಸಿ ಎಂದು ಕೇಳುವುದು ಅವಮಾನವಲ್ಲ. ರಸೀದಿಯಿಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ. ದಂಡವೇ ತಪ್ಪು ಅನ್ನಿಸಿದರೆ ಅಲ್ಲೇ ಕೂಗಾಡಿ ಫಲವಿಲ್ಲ. ಎದುರಿಗಿರುವವರಿಗೆ ಮನ್ನಾ ಮಾಡುವ ಅಧಿಕಾರ ಇರುವುದು ಅಪರೂಪ. ರಸೀದಿಯ ಮೇಲೆಯೋ ಹಿಂದೆಯೋ ಮೇಲ್ಮನವಿಯ ವಿಳಾಸ ಮತ್ತು ಗಡುವು ಇದೆಯೇ ಹುಡುಕಿ.

ಮನವಿ ಬರೆಯುವಾಗ ಸಿಟ್ಟನ್ನು ಒಂದು ಸಾಲಿಗೆ ಮುಗಿಸಿ, ಉಳಿದದ್ದೆಲ್ಲ ವಿವರವಿರಲಿ: ಕಾರ್ಡಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಹತ್ತಿದ ಮತ್ತು ಇಳಿದ ನಿಲ್ದಾಣ, ಹೊತ್ತು, ಆ್ಯಪಿನಲ್ಲಿ ಕಾಣುವ ಪ್ರಯಾಣದ ಪಟ್ಟಿಯ ಚಿತ್ರ. ನನ್ನ ಅರ್ಧರ್ಧ ಪ್ರಯಾಣಗಳ ದುಡ್ಡು ವಾಪಸು ಬಂದದ್ದು ಆ ಪಟ್ಟಿಯಿಂದಲೇ. ಎರಡು ಕಾರ್ಡುಗಳ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟಾಗ, ಒಂದೇ ದಿನ ಒಳಹೋದ ಹೊತ್ತು ಮತ್ತು ಹೊರಬಂದ ಹೊತ್ತು ತಾವಾಗಿಯೇ ಕೂಡಿಕೊಂಡವು.

ಇನ್ನೊಂದು ಮಾತು. ಆ ರಸೀದಿಗಳು ಹೆಚ್ಚಾಗಿ ಬಿಸಿಗೆ ಕಪ್ಪಾಗುವ ಕಾಗದದಲ್ಲಿ ಮುದ್ರಣವಾಗುತ್ತವೆ, ಅಲ್ಲಿ ಶಾಯಿಯೇ ಇಲ್ಲ. ಬಿಸಿಲಿಗೆ, ಪರ್ಸಿನ ಉಜ್ಜಾಟಕ್ಕೆ ಅಕ್ಷರ ಮಾಸಿಹೋಗುತ್ತದೆ. ಕೈಗೆ ಬಂದ ದಿನವೇ ಫೋಟೊ ತೆಗೆದಿಡಿ. ನನ್ನ ಪರ್ಸಿನಲ್ಲಿ ಅಂಥದೊಂದು ಇನ್ನೂ ಇದೆ, ಈಗ ಅದು ಬರೀ ಬಿಳಿ ಚೀಟಿ.