ಒಂದು ಸಾಲು ಕೋಡ್ ಇಲ್ಲದೆ ಒಡೆದ 21 ಅಂಕಿಯ ಸಂಖ್ಯೆ

147573952589676412927. ಅಂದರೆ 2ರ ಘಾತ 67, ಅದರಲ್ಲಿ 1 ಕಳೆದದ್ದು. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರೆಂಚ್ ವಿದ್ವಾಂಸ ಮರ್ಸೆನ್ ಹೇಳಿದ್ದರು. ಅಲ್ಲ ಅಂತ 1876ರಲ್ಲಿ ಗಣಿತಜ್ಞ ಲ್ಯೂಕಾ ತೋರಿಸಿದರು. ಆದರೆ ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಗಣಿತಜ್ಞ ಕೋಲ್ ಕೈಗೆ. ಪೈಥಾನ್‌ನಲ್ಲಿ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ, ಗೊತ್ತು. ನಾನು ಬರೀ ಸ್ಪ್ರೆಡ್‌ಶೀಟ್‌ನಲ್ಲಿ ಒಡೆಯುತ್ತೇನೆ ಅಂದಾಗ ಗೆಳೆಯರು ನಕ್ಕರು. "15 ಅಂಕಿ ದಾಟಿದರೆ ಸೆಲ್ ಸೊನ್ನೆ ತುಂಬುತ್ತೆ, ಸುಮ್ನೆ ಯಾಕೆ?" ಅಂದರು.

ದೊಡ್ಡ ಸಂಖ್ಯೆಗಳಿಗೆಂದೇ ಇರುವ ಒಂದು ಆಡ್-ಇನ್ (ಸ್ಪ್ರೆಡ್‌ಶೀಟ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ದುಡ್ಡು ಕೊಟ್ಟು ಕೊಂಡೆ. ಅದು ಅಂಕಿಗಳನ್ನು ಅಕ್ಷರಗಳ ಹಾಗೆ ಇಟ್ಟುಕೊಂಡು ಗುಣಿಸುತ್ತದೆ. ಕೆಲವು ಸಾವಿರ ಸಾಲುಗಳಿಗೇ ಲ್ಯಾಪ್‌ಟಾಪ್ ಹ್ಯಾಂಗ್. ರ‍್ಯಾಮ್ ಹೆಚ್ಚಿಸಿದೆ. ಖರ್ಚು ಆಡ್-ಇನ್‌ನ ಮೂರು ಪಟ್ಟು, ವೇಗ ಮಾತ್ರ ಇದ್ದಷ್ಟೇ.

ಅಸಲಿಗೆ ಆ 21 ಅಂಕಿಯನ್ನು ಸೆಲ್‌ಗೆ ತರಬೇಕಾಗಿಯೇ ಇಲ್ಲ. ಭಾಜಕ 134ರ ಗುಣಕಕ್ಕಿಂತ 1 ಜಾಸ್ತಿ ಇರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಈ ಸಂಖ್ಯೆಗೆ ಅನ್ವಯಿಸುವ ಹಳೆಯ ನಿಯಮಗಳು ಇವು. ಎರಡನ್ನೂ ಸೇರಿಸಿದರೆ ಉಳಿಯುವುದು 536ಕ + 1 ಮತ್ತು 536ಕ + 135 ಮಾತ್ರ (ಕ ಒಂದು ಪೂರ್ಣ ಸಂಖ್ಯೆ). ಒಂದೊಂದಕ್ಕೆ ಒಂದು ಹಾಳೆ ಮಾಡಿದೆ. ಮಜಾ ಇರುವುದು ಮುಂದೆ. 67 ಅಂದರೆ 33 + 33 + 1, ಅಲ್ವಾ? 2ರ ಘಾತ 33 ಬರೀ 8589934592, ಸೆಲ್‌ನಲ್ಲಿ ಆರಾಮಾಗಿ ಕೂರುತ್ತದೆ. ಭಾಜಕದಿಂದ ಭಾಗಿಸಿ ಶೇಷ ತೆಗೆಯಿರಿ, ಅದನ್ನು ವರ್ಗ ಮಾಡಿ, ಎರಡರಿಂದ ಗುಣಿಸಿ, ಮತ್ತೆ ಶೇಷ ನೋಡಿ. 1 ಬಂದರೆ ಬೇಟೆ ಸಿಕ್ಕಿತು: 2ರ ಘಾತ 67ಕ್ಕೆ ಶೇಷ 1 ಅಂದರೆ, 1 ಕಳೆದ ನಮ್ಮ ಸಂಖ್ಯೆ ಪೂರ್ತಿ ಭಾಗವಾಗುತ್ತದೆ. ಸಾಲಿಗೆ ಒಂದೇ ವರ್ಗ!

ಭಾಜಕ ಸುಮಾರು 9.5 ಕೋಟಿ ದಾಟಿದ ಮೇಲೆ ತಲೆನೋವು ಶುರು. ವರ್ಗ 2ರ ಘಾತ 53 (ಸೆಲ್ ತಪ್ಪಿಲ್ಲದೆ ಲೆಕ್ಕ ಹಾಕುವ ಮಿತಿ) ಮೀರಬಹುದು, ಆಮೇಲೆ ಉತ್ತರ ನಂಬುವಂತಿಲ್ಲ. ಶೇಷ ಅರ್ಧಕ್ಕಿಂತ ದೊಡ್ಡದಿದ್ದರೆ ಭಾಜಕ ಕಳೆದು ಋಣ ಸಂಖ್ಯೆ ಮಾಡಿಕೊಂಡೆ. ಅದು 18.98 ಕೋಟಿವರೆಗೆ ಎಳೆಯಿತು, ಅಷ್ಟೇ. ಕೊನೆಗೆ ಶೇಷವನ್ನು 10000ದ ಲೆಕ್ಕದಲ್ಲಿ ಎರಡು ತುಂಡು ಮಾಡಿ ಗುಣಿಸಿದೆ. 3, 5, 7ರ ಗುಣಕಗಳನ್ನು ಖಾಲಿ ಸಾಲು ಬಿಡದೆ ಹಾರಿಸುವ ಸೂತ್ರ ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲ ಹಾಳೆ, ಕ = 361395. ಭಾಜಕ 193707721. ಜೊತೆಗಾರ 761838257287. ನಕ್ಕವರಿಗೆ ಫೈಲ್ ಕಳಿಸಿದೆ.

ಇದೇ ಹಾಳೆಯನ್ನು ಚೂರು ಬದಲಿಸಿ ಘಾತ 29ಕ್ಕೂ ಓಡಿಸಿದೆ. 233, 1103, 2089 ಮೂರೂ ಬಂದವು. ಘಾತ 61ಕ್ಕೆ ಎಷ್ಟು ಎಳೆದರೂ ಏನೂ ಬರಲಿಲ್ಲ. ಬರಲೂಬಾರದು, ಅದು ಅವಿಭಾಜ್ಯ ಅಂತ 1883ರಲ್ಲೇ ರಷ್ಯಾದ ಗಣಿತಜ್ಞ ಪೆರ್ವುಶಿನ್ ತೋರಿಸಿದ್ದಾರೆ.

ತಮಾಷೆ ಏನೆಂದರೆ, ಗೆದ್ದ ಸಾಲಿನ ಮೊದಲ ಶೇಷ 66794868. ಅದರ ವರ್ಗದ ಎರಡು ಪಟ್ಟು ಕೂಡ 2ರ ಘಾತ 53ರ ಒಳಗೇ ಇದೆ. ಅಂದರೆ ತುಂಡು ಮಾಡದ ಸಾದಾ ಸೂತ್ರವೇ ಆ ಸಾಲನ್ನು ಹಿಡಿಯುತ್ತಿತ್ತು! ಇನ್ನೊಂದು, ಭಾಜಕದಲ್ಲಿ 1 ಕಳೆದರೆ ಬರುವ 193707720 ಅಂದರೆ 8 × 27 × 5 × 67 × 2677. ಇಷ್ಟು ಸಣ್ಣ ತುಂಡುಗಳಿದ್ದರೆ ಅಪವರ್ತನ ಹುಡುಕಲು ಗಣಿತಜ್ಞ ಪೊಲಾರ್ಡ್ ಕೊಟ್ಟ 1974ರ p − 1 ವಿಧಾನಕ್ಕೆ ಇದು ತುತ್ತು. ಅದನ್ನೂ ಹಾಳೆಗೆ ಇಳಿಸಲು ಹೊರಟೆ. ಅಲ್ಲಿ ಪ್ರತಿ ಹೆಜ್ಜೆಗೂ 21 ಅಂಕಿಯಿಂದಲೇ ಭಾಗಿಸಬೇಕು. ಸದ್ಯಕ್ಕೆ ಅರ್ಧಕ್ಕೆ ನಿಂತಿದೆ.