ಕ್ಯಾಮೆರಾ ಬಿಟ್ಟು ಫೋನ್ ಹಿಡಿದೆ: ಆನ್‌ಲೈನ್ ಪರೀಕ್ಷೆಯ ನನ್ನ ಅನುಭವ

ಕ್ಯಾಮೆರಾ ಕಾವಲು ಇಲ್ಲದಿದ್ದರೆ ಮಕ್ಕಳು ಪೂರ್ತಿ ನಕಲು ಹೊಡೀತಾರೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರೇ ನನ್ನ ಪ್ರಶ್ನೆಪತ್ರಿಕೆ ಕೇಳುತ್ತಿದ್ದಾರೆ.

ನಾನು ಮಂಡ್ಯದಲ್ಲಿ ಬಿ.ಕಾಂ.ಗೆ ಕಾಸ್ಟ್ ಅಕೌಂಟಿಂಗ್, ಅಂದರೆ ಒಂದು ವಸ್ತು ತಯಾರಿಸಲು ಎಷ್ಟು ಖರ್ಚು ಬಿತ್ತು ಅನ್ನುವ ಲೆಕ್ಕ ಹೇಳಿಕೊಡುವವನು. ಮೊದಲು, ಮನೆಯಲ್ಲಿ ಪರೀಕ್ಷೆ ಬರೆಯುವವರನ್ನು ಕ್ಯಾಮೆರಾದಲ್ಲಿ ನೋಡುತ್ತಿರುವ ಕಾವಲು ಸಾಫ್ಟ್‌ವೇರ್ ಬಳಸಿದೆವು. ತಲೆಗೆ ನೂರು ರೂಪಾಯಿ ಹತ್ತಿರ ಬಿತ್ತು. ನಾಗಮಂಗಲ ಕಡೆಯ ಹುಡುಗಿಯದ್ದು ಒಂದೇ ಕೋಣೆಯ ಮನೆ. ಅವಳ ತಾಯಿ ಒಳಗೆ ಬಂದದ್ದಕ್ಕೆ ಸಾಫ್ಟ್‌ವೇರ್ ಕೆಂಪು ಗುರುತು ಹಾಕಿತು. ಕರೆಂಟ್ ಹೋದವರ ಪೇಪರ್ ಅರ್ಧಕ್ಕೇ ನಿಂತಿತು. ಬೇರೆ ಕೋಣೆ, ಒಳ್ಳೆ ಲ್ಯಾಪ್‌ಟಾಪ್ ಇದ್ದವರು ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು ಆರಾಮಾಗಿ ಬರೆದರು. ಇದೆಂಥ ನ್ಯಾಯ? 2021ರಿಂದ ಯುಜಿಸಿ, ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ತಾಣ ‘ಸ್ವಯಂ’ನ ಕೋರ್ಸ್‌ಗಳಿಂದಲೇ ಒಂದು ಸೆಮಿಸ್ಟರಿನ ಶೇ 40ರವರೆಗೆ ಕ್ರೆಡಿಟ್ ತೆಗೆದುಕೊಳ್ಳಲು ಬಿಟ್ಟಿದೆ. ಆನ್‌ಲೈನ್ ಅಂಕಕ್ಕೆ ಇಷ್ಟು ತೂಕ ಬಂದ ಮೇಲೆ ಇದನ್ನು ಸುಮ್ನೆ ಬಿಡೋಕಾಗಲ್ಲ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆ. ನಿಮ್ಮೂರಿನ ಒಂದು ಹೊಲದ ಖರ್ಚು ಬರೆದುಕೊಂಡು ಬನ್ನಿ, ಟನ್ನಿಗೋ ಕ್ವಿಂಟಲಿಗೋ ಎಷ್ಟು ಬಿತ್ತು ಹೇಳಿ. ಪಾಂಡವಪುರದ ನಾಲೆ ನೀರಿನ ಕಬ್ಬಿನ ಲೆಕ್ಕ ನಾಗಮಂಗಲದ ಮಳೆ ರಾಗಿಗೆ ಹೊಂದುವುದೇ ಇಲ್ಲ. ಯಾರದ್ದನ್ನು ನೋಡಿ ಬರೆಯುತ್ತಾರೆ?

ಆಮೇಲೆ ಫೋನಿನಲ್ಲಿ ಏಳೆಂಟು ನಿಮಿಷ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಕನ್ನಡದಲ್ಲೇ ಉತ್ತರಿಸಬಹುದು. ಇಂಗ್ಲಿಷಿನಲ್ಲಿ ಬಾಯಿ ಬಿಡದ ಹುಡುಗ, ಟ್ರ್ಯಾಕ್ಟರ್ ಬಾಡಿಗೆಯನ್ನು ಎರಡು ಬೆಳೆಗೆ ಹೇಗೆ ಹಂಚಬೇಕು ಅಂತ ನನಗೇ ಪಾಠ ಮಾಡಿದ. ಬೇರೆಯವರಿಂದ ಬರೆಸಿದವನು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಅರವತ್ತು ಮಕ್ಕಳಿಗೆ ಒಂದು ವಾರದ ಸಂಜೆಗಳು ಹೋದವು, ನಿಜ. ಆದರೆ ಖರ್ಚು ನನ್ನ ರೀಚಾರ್ಜ್ ಮಾತ್ರ. ವೈವಾದ ರೆಕಾರ್ಡಿಂಗ್‌ಗೆ ಹೆಸರು ತೆಗೆದು ನಂಬರ್ ಹಾಕಿ ಮೈಸೂರಿನ ಗೆಳೆಯರಿಗೆ ಕಳಿಸುತ್ತೇನೆ. ಅವರೂ ಅಂಕ ಕೊಡುತ್ತಾರೆ. ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯವರು ಕೇಳುತ್ತಾರೆ.

ಪಾಠಕ್ಕೂ ಲೈವ್ ವಿಡಿಯೊ ಬಿಟ್ಟು ಆಡಿಯೊಗೆ ಬಂದೆ. ಮಾತಿಗೆ ಸಾಕಾಗುವ ಚಿಕ್ಕ ಫೈಲ್ ಆಗುವ ಹಾಗೆ, 32 ಕೆಬಿಪಿಎಸ್ ಮೊನೊದಲ್ಲಿ ಹತ್ತು ನಿಮಿಷಕ್ಕೆ ಎರಡೂವರೆ ಎಂಬಿ ಸಾಕು. ಎರಡು ಸಾವಿರದೊಳಗಿನ ಮೈಕ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಪಂಚಾಯಿತಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಕೇಳಿಸುವ ಪ್ರಯೋಗ ಮಾತ್ರ ಕೈಕೊಟ್ಟಿತು. ಕೂಲಿಗೆ ಹೋಗುವ ಮಕ್ಕಳು ವಾಪಸ್ ಬರುವ ಹೊತ್ತಿಗೆ ಅದರ ಬಾಗಿಲು ಹಾಕಿರುತ್ತದೆ.

ವೈವಾದ ಆ ಎರಡನೇ ಪ್ರಶ್ನೆ ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳೂ ಓದುತ್ತಾರಲ್ವಾ. ಪಾಠ ಮಾಡುವವರು ಕಾಲೇಜಿಗೆ ಬನ್ನಿ, ಕೂತು ತೋರಿಸುತ್ತೇನೆ.